ಡಬ್ಬಿ ಹಳತಾಯಿತು ಎನ್ನುವವರಿಗೆ

ನಮ್ಮ ಮನೆವಾರ್ತೆಯಲ್ಲಿ ‘ಹಳತಾಯಿತು, ಎಸೆದುಬಿಡಿ’ ಎಂಬ ಮಾತಿಗೆ ಅಷ್ಟು ಸುಲಭವಾಗಿ ಜಾಗ ಸಿಕ್ಕುವುದಿಲ್ಲ. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಗ್ಯಾಸ್ಕೆಟ್ ಬದಲಿಸುತ್ತೇವೆ, ಕುಕ್ಕರನ್ನಲ್ಲ. ಮಿಕ್ಸಿಯ ಬ್ಲೇಡು ಮೊಂಡಾದರೆ ಸಾಣೆ ಹಿಡಿಸುತ್ತೇವೆ. ಸೀರೆ ಹರಿದರೆ ಕೌದಿಯಾಗುತ್ತದೆ, ಕೌದಿಯೂ ಹರಿದರೆ ನೆಲ ಒರೆಸುವ ಬಟ್ಟೆಯಾಗುತ್ತದೆ. ಇಷ್ಟೆಲ್ಲ ಬಲ್ಲ ನಾವು, ಟೆಲಿಫೋನ್ ತಂತಿಯ ತುದಿಯಲ್ಲಿ ಮಿಣುಕುತ್ತ ಕೂತ ರೂಟರ್ ಎಂಬ ಡಬ್ಬಿಯ ಮುಂದೆ ಮಾತ್ರ ಬಾಯಿ ಮುಚ್ಚಿಕೊಂಡು ನಿಲ್ಲುತ್ತೇವೆ. ಅಂಗಡಿಯವನು ‘ಮೇಡಂ, ಇದು ಹಳೇ ಮಾಡೆಲ್ಲು’ ಎಂದರೆ ಸಾಕು, ಪರ್ಸಿಗೆ ಕೈ ಹಾಕುತ್ತೇವೆ. ಅದನ್ನಾದರೂ ಅವನು ನಮಗೆ ಹೇಳುತ್ತಾನೆಯೇ? ಪಕ್ಕದಲ್ಲಿ ನಿಂತ ಗಂಡನಿಗೋ ಮಗನಿಗೋ ಹೇಳುತ್ತಾನೆ.

ಈ ‘ಹಳತಾಯಿತು’ ಎಂಬ ತೀರ್ಪಿನ ಮೇಲೆ ನನ್ನ ತಕರಾರಿದೆ. ಡಬ್ಬಿ ಹಳತಾಗಿರಬಹುದು. ಆದರೆ ನಿಮ್ಮ ವಿಡಿಯೋ ಕರೆ ತುಂಡಾಗುವುದಕ್ಕೆ ಬಹಳ ಸಲ ಅದರ ವಯಸ್ಸು ಕಾರಣವಲ್ಲ, ಅದರೊಳಗೆ ಕೂತಿರುವ ಕಾರ್ಯಕ್ರಮ ಕಾರಣ. ಆ ಕಾರ್ಯಕ್ರಮಕ್ಕೆ ಫರ್ಮ್‌ವೇರ್ ಎಂದು ಹೆಸರು. ಅದನ್ನು ಬದಲಿಸಬಹುದು, ಬಿಡಿಗಾಸು ಕೊಡದೆ ಬದಲಿಸಬಹುದು. ಈ ಮಾತನ್ನು ನಮಗೆ ಯಾರೂ ಹೇಳದೆ ಇರುವುದು ಆಕಸ್ಮಿಕವಲ್ಲ. ಹೇಳಿದರೆ ಹೊಸ ಡಬ್ಬಿ ಮಾರಾಟವಾಗುವುದಿಲ್ಲ.

ಮೊದಲು ತಂತಿಯ ನ್ಯಾಯವನ್ನು ಒಪ್ಪಿಕೊಳ್ಳೋಣ. ಡಿ.ಎಸ್.ಎಲ್. ಎಂದರೆ ಹಳೆಯ ಟೆಲಿಫೋನಿನ ತಾಮ್ರದ ತಂತಿಯ ಮೇಲೆಯೇ ಇಂಟರ್ನೆಟ್ಟನ್ನು ಹರಿಸುವ ಉಪಾಯ. ಮೊದಲ ಎ.ಡಿ.ಎಸ್.ಎಲ್. ಸೆಕೆಂಡಿಗೆ ಹೆಚ್ಚೆಂದರೆ ೮ ಮೆಗಾಬಿಟ್, ನಂತರ ಬಂದ ಎ.ಡಿ.ಎಸ್.ಎಲ್. ೨ ಪ್ಲಸ್ ಹೆಚ್ಚೆಂದರೆ ೨೪ ಮೆಗಾಬಿಟ್. ಎಕ್ಸ್‌ಚೇಂಜಿನಿಂದ ಮನೆ ದೂರವಾದಷ್ಟೂ ವೇಗ ಕಡಿಮೆ. ತಂತಿಯ ಜೋಡಣೆಯಲ್ಲಿ ತುಕ್ಕು ಹಿಡಿದಿದ್ದರೆ ಇನ್ನೂ ಕಡಿಮೆ. ಇದನ್ನು ಯಾವ ಫರ್ಮ್‌ವೇರೂ ಮೀರಲಾರದು. ಅರ್ಧ ಇಂಚಿನ ನಲ್ಲಿಯಲ್ಲಿ ಒಂದು ಇಂಚಿನ ನೀರು ಬರಿಸುತ್ತೇನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಆದರೆ ನಮ್ಮನ್ನು ಕಾಡುವುದು ಬೇರೆಯೇ ಒಂದು ರೋಗ. ಬ್ರಾಡ್‌ಬ್ಯಾಂಡ್ ಎಂದರೆ ಎಷ್ಟು ವೇಗವಿರಬೇಕು ಎಂದು ನಮ್ಮ ಸರ್ಕಾರ ೨೦೦೪ರಲ್ಲಿ ಹೇಳಿದಾಗ ಸೆಕೆಂಡಿಗೆ ೨೫೬ ಕಿಲೋಬಿಟ್ ಎಂದಿತು, ೨೦೧೩ರಲ್ಲಿ ೫೧೨ ಎಂದಿತು, ೨೦೨೩ರಲ್ಲಿ ೨ ಮೆಗಾಬಿಟ್ ಎಂದಿತು. ಮೂರು ಸಲವೂ ಹೇಳಿದ್ದು ಇಳಿಸಿಕೊಳ್ಳುವ ವೇಗವನ್ನು. ಮನೆಯಿಂದ ಹೊರಗೆ ಕಳಿಸುವ ವೇಗದ ಲೆಕ್ಕ ಯಾರಿಗೂ ಬೇಡವಾಯಿತು. ಸಿನಿಮಾ ನೋಡುವವನಿಗೆ ಅದು ಬೇಕಿಲ್ಲ ನಿಜ. ೨೦೨೦ರಲ್ಲಿ ಶಾಲೆ ಮುಚ್ಚಿದಾಗ ಊಟದ ಮೇಜಿನ ಮೇಲೆ ಫೋನ್ ನಿಲ್ಲಿಸಿಕೊಂಡು ಭಿನ್ನರಾಶಿ ಕಲಿಸಿದ ನನ್ನಂಥವಳಿಗೆ ಬೇಕಿತ್ತು. ನನ್ನ ಮುಖ, ನನ್ನ ದನಿ ಮಕ್ಕಳಿಗೆ ತಲಪಬೇಕಾದರೆ ಅದು ಹೊರಗೆ ಹೋಗಬೇಕು. ಎ.ಡಿ.ಎಸ್.ಎಲ್.ನಲ್ಲಿ ಹೊರಗೆ ಹೋಗುವ ದಾರಿ ಬಹಳ ಕಿರಿದು.

ಆ ಕಿರಿದಾದ ದಾರಿಯಲ್ಲಿ ಏನಾಗುತ್ತದೆ ಎಂಬುದಕ್ಕೆ ಹಿಟ್ಟಿನ ಗಿರಣಿಯನ್ನು ನೆನೆಸಿಕೊಳ್ಳಿ. ನೀವು ಒಂದು ಸೇರು ರಾಗಿ ಹಿಡಿದು ನಿಂತಿದ್ದೀರಿ. ನಿಮ್ಮ ಮುಂದೆ ಮದುವೆ ಮನೆಯವರು ನಾಲ್ಕು ಮೂಟೆ ಗೋಧಿ ಇಳಿಸಿದ್ದಾರೆ. ಗಿರಣಿಯವನು ಸಾಲು ಮುರಿಯದ ಸತ್ಯಸಂಧ. ನಾಲ್ಕೂ ಮೂಟೆ ಮುಗಿಸಿಯೇ ನಿಮ್ಮ ರಾಗಿಗೆ ಕೈ ಹಾಕುತ್ತಾನೆ. ರೂಟರಿನಲ್ಲೂ ಹೀಗೆಯೇ. ಮನೆಯ ಯಾರದೋ ಫೋನು ಪ್ರವಾಸದ ಇನ್ನೂರು ಫೋಟೋಗಳನ್ನು ತನ್ನಷ್ಟಕ್ಕೆ ಮೇಲೇರಿಸುತ್ತಿರುತ್ತದೆ. ಅದೇ ನಾಲ್ಕು ಮೂಟೆ ಗೋಧಿ. ನಿಮ್ಮ ದನಿಯ ಪುಟ್ಟ ಪೊಟ್ಟಣಗಳು ಒಂದು ಸೇರು ರಾಗಿ.

ಇದಕ್ಕೆ ಇನ್ನೊಂದು ಕೇಡೂ ಸೇರಿತು. ನೆನಪಿನ ಚಿಪ್ಪುಗಳು ಅಗ್ಗವಾದಂತೆ ತಯಾರಕರು ಡಬ್ಬಿಯೊಳಗೆ ದೊಡ್ಡ ದೊಡ್ಡ ದಾಸ್ತಾನು ಕೋಣೆಗಳನ್ನಿಟ್ಟರು. ಯಾವ ಪೊಟ್ಟಣವನ್ನೂ ಕಳೆಯಬಾರದು, ಬಂದದ್ದನ್ನೆಲ್ಲ ಇಟ್ಟುಕೊಂಡರಾಯಿತು ಎಂಬುದು ಅವರ ಎಣಿಕೆ. ಏಳನೇ ತರಗತಿಯ ಲೆಕ್ಕ ಮಾಡಿ ನೋಡೋಣ. ಹೊರಗೆ ಹೋಗುವ ವೇಗ ಸೆಕೆಂಡಿಗೆ ೫೧೨ ಕಿಲೋಬಿಟ್, ಅಂದರೆ ೬೪ ಕಿಲೋಬೈಟ್. ದಾಸ್ತಾನು ೨೫೬ ಕಿಲೋಬೈಟ್ ಎಂದುಕೊಳ್ಳಿ. ಅದು ತುಂಬಿದರೆ ಖಾಲಿಯಾಗಲು ನಾಲ್ಕು ಸೆಕೆಂಡು. ನೀವು ‘ಅರ್ಥವಾಯಿತೇ ಮಕ್ಕಳೇ?’ ಎಂದು ಕೇಳಿದ್ದು ನಾಲ್ಕು ಸೆಕೆಂಡು ಕಳೆದು ಮನೆಯಿಂದ ಹೊರಡುತ್ತದೆ. ಇಂಥ ಕರೆ ಮುರಿಯದೆ ಇನ್ನೇನಾದೀತು? ಅಮೆರಿಕದ ಜಿಮ್ ಗೆಟಿಸ್ ಎಂಬ ಎಂಜಿನಿಯರ್ ೨೦೧೦ರ ಸುಮಾರಿಗೆ ತಮ್ಮ ಮನೆಯ ಸಂಪರ್ಕದಲ್ಲೇ ಈ ರೋಗವನ್ನು ಹಿಡಿದು ಅದಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. ಹೊಟ್ಟೆಯುಬ್ಬರ ಎಂದರೆ ನಮಗೆ ಸರಿಯಾಗಿ ಅರ್ಥವಾಗುತ್ತದೆ.

ಮದ್ದೂ ಬಂತು. ೨೦೧೨ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಎಂಬ ಹೆಣ್ಣುಮಗಳು ಮತ್ತು ವ್ಯಾನ್ ಜೇಕಬ್ಸನ್ ಸೇರಿ ‘ಕೋಡೆಲ್’ ಎಂಬ ವಿಧಾನವನ್ನು ಪ್ರಕಟಿಸಿದರು. ದಾಸ್ತಾನಿನಲ್ಲಿ ಎಷ್ಟು ಮೂಟೆಯಿದೆ ಎಂದು ಅದು ಎಣಿಸುವುದಿಲ್ಲ; ಪೊಟ್ಟಣ ಎಷ್ಟು ಹೊತ್ತು ಕಾಯಿತು ಎಂದು ಗಡಿಯಾರ ನೋಡುತ್ತದೆ. ಕಾಯುವಿಕೆ ೧೦೦ ಮಿಲಿಸೆಕೆಂಡುಗಳ ಕಾಲ ಒಂದೇ ಸಮನೆ ೫ ಮಿಲಿಸೆಕೆಂಡಿಗಿಂತ ಕೆಳಗಿಳಿಯದಿದ್ದರೆ ಒಂದಿಷ್ಟು ಪೊಟ್ಟಣಗಳನ್ನು ಕೈಬಿಡುತ್ತದೆ. ಕಳಿಸುವವನಿಗೆ ಅದೇ ಸೂಚನೆ: ನಿಧಾನಿಸು. ಅದೇ ವರ್ಷ ಎರಿಕ್ ದುಮಾಝೆ ಎಂಬವರು ಇದಕ್ಕೆ ಸಾಲುಗಳನ್ನು ಬೇರೆ ಬೇರೆ ಮಾಡುವ ಉಪಾಯವನ್ನು ಜೋಡಿಸಿ ಲಿನಕ್ಸ್‌ಗೆ ಸೇರಿಸಿದರು. ಈಗ ಗಿರಣಿಯವನಿಗೆ ವಿವೇಕ ಬಂತು. ಮೂಟೆಯವರಿಂದ ಒಂದು ಮೊರ, ನಿಮ್ಮಿಂದ ಒಂದು ಮೊರ. ನಿಮ್ಮದು ಒಂದೇ ಸೇರು, ಆದ್ದರಿಂದ ನೀವು ಬೇಗ ಮನೆಗೆ. ಡೇವ್ ಟಾಟ್ ಎಂಬವರು ಸೆರೋ‌ಡಬ್ಲ್ಯುಆರ್‌ಟಿ ಎಂಬ ಯೋಜನೆಯಲ್ಲಿ ಇದನ್ನೆಲ್ಲ ಸಾಧಾರಣ ಮನೆ ರೂಟರುಗಳ ಮೇಲೆ ಪರೀಕ್ಷಿಸಿ ಹದಗೊಳಿಸಿದರು. ೨೦೨೫ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಅವರಿಂದ ಉಪಕಾರ ಪಡೆದ ಲಕ್ಷಾಂತರ ಮನೆಗಳಿಗೆ ಅವರ ಹೆಸರೂ ಗೊತ್ತಿಲ್ಲ.

ಈ ಮದ್ದನ್ನು ಹಳೆಯ ಡಬ್ಬಿಗೆ ಕುಡಿಸುವ ದಾರಿಯೇ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಫರ್ಮ್‌ವೇರ್. ಅದು ಹುಟ್ಟಿದ ಕಥೆ ನಮಗೆ ಚೆನ್ನಾಗಿ ಅರ್ಥವಾಗುವಂಥದ್ದು. ಪಕ್ಕದ ಮನೆಯಿಂದ ಹೆಪ್ಪು ತಂದು ಮೊಸರು ಮಾಡಿದವಳು ನಾಳೆ ಇನ್ನೊಬ್ಬಳು ಬಟ್ಟಲು ಹಿಡಿದು ಬಂದಾಗ ಇಲ್ಲ ಎನ್ನಬಾರದು. ಲಿನಕ್ಸ್‌ನ ಪರವಾನಗಿಯೂ ಇದೇ ಹೆಪ್ಪಿನ ಧರ್ಮ: ಬಳಸಿಕೋ, ಬದಲಿಸಿಕೋ, ಆದರೆ ಬೇರೆಯವರಿಗೆ ಹಂಚುವಾಗ ಮೂಲ ಬರಹವನ್ನೂ ಕೊಡು. ಲಿಂಕ್‌ಸಿಸ್ ಎಂಬ ಕಂಪನಿ ೨೦೦೨ರ ಕೊನೆಯಲ್ಲಿ ಡಬ್ಲ್ಯುಆರ್‌ಟಿ ೫೪ ಜಿ ಎಂಬ ರೂಟರನ್ನು ಮಾರುಕಟ್ಟೆಗೆ ತಂದಿತು. ಅದರೊಳಗೆ ಲಿನಕ್ಸ್ ಇದೆ ಎಂದು ೨೦೦೩ರಲ್ಲಿ ಆಸಕ್ತರು ಪತ್ತೆ ಹಚ್ಚಿದರು. ಹೆಪ್ಪು ತಂದವರು ಮೊಸರು ಬಚ್ಚಿಟ್ಟಿದ್ದರು. ಒತ್ತಾಯ ಜೋರಾದ ಮೇಲೆ ಆ ವರ್ಷವೇ ಮೂಲ ಬರಹ ಹೊರಬಂತು. ೨೦೦೪ರಲ್ಲಿ ಅದರ ಮೇಲೆ ಓಪನ್‌ಡಬ್ಲ್ಯುಆರ್‌ಟಿ ಶುರುವಾಯಿತು. ಲಿಂಕ್‌ಸಿಸ್ಸನ್ನು ಕೊಂಡಿದ್ದ ಸಿಸ್ಕೋ ಕಂಪನಿಯ ಮೇಲೆ ಇದೇ ಹೆಪ್ಪಿನ ವಿಚಾರವಾಗಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ೨೦೦೮ರಲ್ಲಿ ಮೊಕದ್ದಮೆ ಹೂಡಿತು, ೨೦೦೯ರಲ್ಲಿ ರಾಜಿಯಾಯಿತು. ಕೇಳದೆ ಏನೂ ಸಿಕ್ಕಲಿಲ್ಲ ಎಂಬುದನ್ನು ಗಮನಿಸಿ.

‘ಇದೆಲ್ಲ ಎಂಜಿನಿಯರುಗಳಿಗೆ, ಮನೆಯಾಕೆಗೆ ಏಕೆ?’ ಎನ್ನುವವರಿದ್ದಾರೆ. ಹೊಲಿಗೆಯಂತ್ರದ ಟೆನ್ಷನ್ ಸರಿಮಾಡುವವಳಿಗೆ, ಸಂಘದ ಸಾಲದ ಬಡ್ಡಿಯನ್ನು ಬಾಯಲ್ಲೇ ಲೆಕ್ಕ ಹಾಕುವವಳಿಗೆ ಇದು ಬಾರದ ವಿದ್ಯೆಯಲ್ಲ. ಡಬ್ಬಿಯನ್ನು ಮಗುಚಿ, ಕೆಳಗಿನ ಚೀಟಿಯಲ್ಲಿ ಮಾಡೆಲ್ ಹೆಸರನ್ನೂ ಆವೃತ್ತಿ ಸಂಖ್ಯೆಯನ್ನೂ ಓದಿ. ಹೆಸರು ಒಂದೇ ಆಗಿ ಆವೃತ್ತಿ ಬೇರೆಯಾದರೆ ಒಳಗಿನ ಚಿಪ್ಪೇ ಬೇರೆ ಇರಬಹುದು. ಅದು ಓಪನ್‌ಡಬ್ಲ್ಯುಆರ್‌ಟಿಯ ಪಟ್ಟಿಯಲ್ಲಿದೆಯೇ ನೋಡಿ. ೪ ಮೆಗಾಬೈಟ್ ಸಂಗ್ರಹ, ೩೨ ಮೆಗಾಬೈಟ್ ನೆನಪಿನ ತೀರಾ ಬಡ ಡಬ್ಬಿಗಳಿಗೆ ಈಗಿನ ಆವೃತ್ತಿಗಳು ಹಿಡಿಸುವುದಿಲ್ಲ, ಅವನ್ನು ಬಿಡಿ. ಕಂಪನಿ ಬಾಡಿಗೆಗೆ ಕೊಟ್ಟ ಡಬ್ಬಿಯಾದರೆ ಅದು ನಿಮ್ಮದಲ್ಲ, ಮುಟ್ಟಬೇಡಿ. ಕೆಲಸವನ್ನು ವೈಫೈ ಮೇಲೆ ಮಾಡದೆ ತಂತಿ ಜೋಡಿಸಿಯೇ ಮಾಡಿ. ಕರೆಂಟು ಹೋಗುವ ಹೊತ್ತಿನಲ್ಲಂತೂ ಬೇಡ. ಅರ್ಧದಲ್ಲಿ ನಿಂತರೆ ಡಬ್ಬಿ ಇಟ್ಟಿಗೆಯಾಗುತ್ತದೆ.

ಡಿ.ಎಸ್.ಎಲ್. ಮನೆಯವರಿಗೆ ಇನ್ನೊಂದು ತೊಡಕಿದೆ. ಬ್ರಾಡ್‌ಕಾಂ ಕಂಪನಿಯ ಡಿ.ಎಸ್.ಎಲ್. ಚಿಪ್ಪುಗಳಿಗೆ ಮುಕ್ತ ಚಾಲಕ ಕಾರ್ಯಕ್ರಮವಿಲ್ಲ. ಅಂಥ ಡಬ್ಬಿಗೆ ಓಪನ್‌ಡಬ್ಲ್ಯುಆರ್‌ಟಿ ಹಾಕಿದರೂ ಟೆಲಿಫೋನ್ ತಂತಿಯೊಡನೆ ಅದು ಮಾತಾಡದು. ಲ್ಯಾಂಟಿಕ್ ಚಿಪ್ಪಿನ ಕೆಲವು ಡಬ್ಬಿಗಳಲ್ಲಿ ಈ ತೊಂದರೆಯಿಲ್ಲ. ಬ್ರಿಟನ್ನಿನಲ್ಲಿ ಬಿ.ಟಿ. ಹೋಮ್ ಹಬ್ ೫ ಎ ಎಂಬ ಹಳೆಯ ರೂಟರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಹೀಗೆ ಬದುಕಿಸಿಕೊಂಡವರು ಬಹಳ. ಉಳಿದವರಿಗೆ ದಾರಿ ಇದು: ಹಳೆಯ ಮೋಡೆಮ್ಮನ್ನು ಬ್ರಿಡ್ಜ್ ಕ್ರಮದಲ್ಲಿಟ್ಟು ಬರೀ ತಂತಿಯ ಕೆಲಸಕ್ಕೆ ಬಿಡಿ, ಅದರ ಹಿಂದೆ ಮನೆಯಲ್ಲೋ ನೆಂಟರಲ್ಲೋ ಬಿದ್ದಿರುವ ಇನ್ನೊಂದು ರೂಟರಿಗೆ ಓಪನ್‌ಡಬ್ಲ್ಯುಆರ್‌ಟಿ ಹಾಕಿ ಸಾಲು ನೋಡಿಕೊಳ್ಳುವ ಕೆಲಸ ಕೊಡಿ. ಎಸ್.ಕ್ಯು.ಎಂ. ಎಂಬ ವಿಭಾಗದಲ್ಲಿ, ಅಳೆದು ಕಂಡ ವೇಗಕ್ಕಿಂತ ನೂರಕ್ಕೆ ಹತ್ತು ಹದಿನೈದರಷ್ಟು ಕಡಿಮೆ ಬರೆಯಿರಿ. ಆಗ ಸಾಲು ಮೋಡೆಮ್ಮಿನ ಕುರುಡು ದಾಸ್ತಾನಿನಲ್ಲಿ ನಿಲ್ಲದೆ, ವಿವೇಕವಿರುವ ಈ ಡಬ್ಬಿಯಲ್ಲಿ ನಿಲ್ಲುತ್ತದೆ. ಎ.ಡಿ.ಎಸ್.ಎಲ್. ತಂತಿ ಎಲ್ಲವನ್ನೂ ೫೩ ಬೈಟಿನ ತುಣುಕುಗಳಾಗಿ ಕಳಿಸುತ್ತದೆ, ಅದರಲ್ಲಿ ೪೮ ಮಾತ್ರ ಸರಕು, ಉಳಿದದ್ದು ವಿಳಾಸದ ಚೀಟಿ. ಈ ಸಂಗತಿಯನ್ನೂ ಅಲ್ಲಿ ಗುರುತು ಹಾಕಿ ತಿಳಿಸಬೇಕು, ಇಲ್ಲವಾದರೆ ಲೆಕ್ಕ ತಪ್ಪುತ್ತದೆ.

ಒಂದಿಷ್ಟು ವೇಗವನ್ನು ಬಿಟ್ಟುಕೊಡಬೇಕಲ್ಲ ಎಂದು ಸಂಕಟಪಡುವವರಿಗೆ ಹೇಳುತ್ತೇನೆ: ಹಾಲು ಉಕ್ಕದಿರಲೆಂದು ಪಾತ್ರೆಯಲ್ಲಿ ನಾಲ್ಕು ಬೆರಳು ಜಾಗ ಬಿಡುವುದಿಲ್ಲವೇ? ಅಂಗಡಿಯವನು ‘ಹಳೇ ಡಬ್ಬಿಯ ಪ್ರೊಸೆಸರ್‌ಗೆ ಶಕ್ತಿಯಿಲ್ಲ’ ಎಂದೂ ಹೆದರಿಸುತ್ತಾನೆ. ನೂರಾರು ಮೆಗಾಬಿಟ್ಟಿನ ಫೈಬರ್ ತಂತಿಗಾದರೆ ಅವನ ಮಾತು ನಿಜ. ಎಂಟೋ ಹತ್ತೋ ಮೆಗಾಬಿಟ್ಟಿನ ತಾಮ್ರದ ತಂತಿಗೆ ಹಳೆಯ ಪ್ರೊಸೆಸರ್ ಬೇಕಾದಷ್ಟಾಯಿತು. ಮನೆಗೆ ಫೈಬರ್ ಬಂದಿದ್ದರೂ ಅದೇ ಡಬ್ಬಿ ಹಿತ್ತಿಲ ಕೋಣೆಗೆ ವೈಫೈ ಮುಟ್ಟಿಸುವ ಕೆಲಸ ಮಾಡೀತು.

ವೇಗಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಕಂಪನಿಗಳು ಡಬ್ಬಿ ಮಾರಿ ಕೆಲವು ವರ್ಷಕ್ಕೆ ಅದರ ರಕ್ಷಣೆಯ ತಿದ್ದುಪಡಿಗಳನ್ನು ನಿಲ್ಲಿಸಿಬಿಡುತ್ತವೆ. ಬಾಗಿಲ ಚಿಲಕ ಮುರಿದಿದೆ ಎಂದು ಗೊತ್ತಿದ್ದೂ ಹೇಳದ ಮನೆಯ ಮಾಲೀಕನಂತೆ. ೨೦೧೬ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ಡಾಯ್ಚ ಟೆಲಿಕಾಂನ ಸುಮಾರು ೯ ಲಕ್ಷ ಗ್ರಾಹಕರ ಸಂಪರ್ಕ ಇಂಥ ದಾಳಿಯಿಂದ ಕೆಟ್ಟಿತು. ೨೦೧೭ರ ಜುಲೈನಲ್ಲಿ ನಮ್ಮ ಕರ್ನಾಟಕದಲ್ಲೇ ಬಿ.ಎಸ್.ಎನ್.ಎಲ್. ಗ್ರಾಹಕರ ಸಾವಿರಾರು ಮೋಡೆಮ್‌ಗಳು ದುಷ್ಟ ಕಾರ್ಯಕ್ರಮಕ್ಕೆ ಸಿಕ್ಕಿ ನಿಂತುಹೋದವು. ‘ಅಡ್ಮಿನ್’ ಎಂಬ ಹುಟ್ಟುಗುಪ್ತಪದವನ್ನು ಬದಲಿಸಿಕೊಳ್ಳಿ ಎಂದು ಜನರನ್ನು ಕೇಳಿಕೊಳ್ಳಬೇಕಾಯಿತು. ಮಾರಿದವರು ಕೈಬಿಟ್ಟ ಎಷ್ಟೋ ಡಬ್ಬಿಗಳಿಗೆ ಇಂದಿಗೂ ತಿದ್ದುಪಡಿ ಒದಗಿಸುತ್ತಿರುವವರು ಈ ಮುಕ್ತ ಫರ್ಮ್‌ವೇರಿನವರೇ.

ಹೀಗಿದ್ದೂ ಎಷ್ಟೋ ತಯಾರಕರು ಡಬ್ಬಿಗೆ ಬೀಗ ಹಾಕುತ್ತಾರೆ. ತಮ್ಮದಲ್ಲದ ಫರ್ಮ್‌ವೇರ್ ಒಳಗೆ ಬಾರದಂತೆ ಮಾಡುತ್ತಾರೆ. ಬೇರೆ ದೇಶಗಳಲ್ಲಿ ಇದಕ್ಕೆ ಎದುರು ನಿಂತವರಿದ್ದಾರೆ. ೨೦೧೬ರ ಆಗಸ್ಟ್‌ನಿಂದ ಜರ್ಮನಿಯಲ್ಲಿ ಸಂಪರ್ಕ ಕೊಡುವ ಕಂಪನಿ ‘ನಮ್ಮ ಡಬ್ಬಿಯನ್ನೇ ಬಳಸಿ’ ಎಂದು ಕಟ್ಟಿಹಾಕುವಂತಿಲ್ಲ; ಅದು ಕಾನೂನು. ಅದೇ ತಿಂಗಳು ಅಮೆರಿಕದ ಸಂಪರ್ಕ ಆಯೋಗ, ರೇಡಿಯೋ ಶಕ್ತಿಯ ನಿಯಮ ಮುರಿದದ್ದಕ್ಕೆ ಟಿ.ಪಿ. ಲಿಂಕ್ ಕಂಪನಿಯಿಂದ ೨ ಲಕ್ಷ ಡಾಲರ್ ಕಟ್ಟಿಸಿಕೊಂಡಾಗ, ಹೊರಗಿನವರ ಮುಕ್ತ ಫರ್ಮ್‌ವೇರಿಗೆ ಅವಕಾಶ ಮಾಡಿಕೊಡಲು ಶ್ರಮಿಸಬೇಕು ಎಂದೂ ಅದರಿಂದ ಒಪ್ಪಿಗೆ ಪಡೆಯಿತು. ನಮ್ಮಲ್ಲಿ ೨೦೨೨ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆಯಿತು. ಜಾಲತಾಣ ತೆರೆದರೆ ಬೀಗ ತೆರೆದಂತಾಗುವುದಿಲ್ಲ. ದುಡ್ಡು ಕೊಟ್ಟು ಕೊಂಡ ವಸ್ತುವಿನ ಬೀಗದ ಕೈ ಕೊಂಡವಳ ಕೈಯಲ್ಲಿರಬೇಕು. ತಿದ್ದುಪಡಿ ನಿಲ್ಲಿಸುವ ತಯಾರಕ ಅದನ್ನು ಪೆಟ್ಟಿಗೆಯ ಮೇಲೆ ವರ್ಷ ಸಮೇತ ಮೊದಲೇ ಅಚ್ಚು ಹಾಕಬೇಕು. ನಿಲ್ಲಿಸಿದ ದಿನ ಬೀಗವನ್ನೂ ತೆಗೆಯಬೇಕು. ಕಾನೂನಿನಲ್ಲಿ ಬರಬೇಕಾದದ್ದು ಇಷ್ಟು, ನಾವು ಕೇಳಬೇಕಾದದ್ದೂ ಇಷ್ಟೇ.

ಕಾನೂನು ಬರುವ ತನಕ ಮನೆಯೊಳಗಿನ ಬೀಗವನ್ನಾದರೂ ನಾವು ತೆಗೆದುಕೊಳ್ಳಬಹುದು. ಬೀರುವಿನ ಕೈ, ಗ್ಯಾಸಿನ ಪುಸ್ತಕ, ಬ್ಯಾಂಕಿನ ಪಾಸ್‌ಬುಕ್ ಎಲ್ಲಿವೆ ಎಂದು ನಮಗೆ ಗೊತ್ತು. ರೂಟರಿನ ಗುಪ್ತಪದ ಮಾತ್ರ ಮಗನ ತಲೆಯಲ್ಲಿರುತ್ತದೆ, ಮಗ ಬೆಂಗಳೂರಿನಲ್ಲಿರುತ್ತಾನೆ. ಈ ಭಾನುವಾರ ಡಬ್ಬಿಯನ್ನು ಕೈಗೆತ್ತಿಕೊಂಡು ಧೂಳು ಒರೆಸಿ. ಕೆಳಗಿನ ಚೀಟಿಯಲ್ಲಿರುವ ಮಾಡೆಲ್, ಆವೃತ್ತಿ, ಗುಪ್ತಪದ ಮೂರನ್ನೂ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ನಿಮ್ಮ ಕೈಯಾರೆ ಬರೆದಿಟ್ಟುಕೊಳ್ಳಿ. ‘ಹಳತಾಯಿತು’ ಎಂದು ಮತ್ತೆ ಯಾರಾದರೂ ಬಂದರೆ, ಯಾವುದು ಹಳತಾಯಿತು, ಡಬ್ಬಿಯೋ ಅದರೊಳಗಿನ ಕಾರ್ಯಕ್ರಮವೋ ಎಂದು ಕೇಳಿ. ಉತ್ತರ ಹೇಳಲು ಬಾರದವನಿಗೆ ದುಡ್ಡು ಕೊಡಬೇಡಿ.