ಹೆಮ್ಮೆ ಆಮೇಲೆ ಪಡಿ, ಮೊದಲು ಎರಡು ವರ್ಷ ಕೊಡಿ

2025ರ ಮೇ ತಿಂಗಳಲ್ಲಿ ‘ಆಪರೇಷನ್ ಸಿಂಧೂರ’ದ ವಿವರ ನೀಡಲು ಕರ್ನಲ್ ಸೋಫಿಯಾ ಖುರೇಷಿ ಮತ್ತು ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ದೇಶದ ಮುಂದೆ ಬಂದರು. ನಮ್ಮ ಕನ್ನಡದ ಪತ್ರಿಕೆಗಳು, ವಾಹಿನಿಗಳು ತಡಮಾಡದೆ ಒಂದು ಸಂಬಂಧ ಹುಡುಕಿದವು. ಕರ್ನಲ್ ಸೋಫಿಯಾ ಅವರ ತವರು ಗುಜರಾತಿನ ವಡೋದರಾ, ಆದರೆ ಗಂಡನ ಮನೆ ಗೋಕಾಕ ತಾಲ್ಲೂಕಿನ ಕೊಣ್ಣೂರು. ಹೀಗಾಗಿ ಅವರು ‘ಬೆಳಗಾವಿಯ ಸೊಸೆ’ಯಾದರು. ನಮ್ಮ ಮನೆತನದ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಆ ಸುದ್ದಿ ನಾಲ್ಕೈದು ಸಲ ಓಡಾಡಿತು. ಎಲ್ಲರೂ ಕೈಮುಗಿದರು. ಅದೇ ವಾರ, ಅದೇ ಗುಂಪಿನಲ್ಲಿ ನನ್ನ ಜಾತಕ ಕೇಳಿದವರೂ ಇದ್ದರು.

ನಾನು ರಾಣೇಬೆನ್ನೂರಿನವಳು. ನಾಗಪುರದ ಪ್ರತಾಪ ನಗರದಲ್ಲಿ ಬಾಡಿಗೆಗೆ ಇದ್ದೇನೆ. ಹತ್ತಿರದ ಐಟಿ ಪಾರ್ಕಿನಲ್ಲಿ ಸಾಫ್ಟ್‌ವೇರ್ ಕೆಲಸ, ವಯಸ್ಸು 23. ಕೆಲಸದ ಜೊತೆಗೇ ಸೇನಾಧಿಕಾರಿಗಳ ತರಬೇತಿಗೆ ಸೇರಲು ತಯಾರಿ ನಡೆಸಿದ್ದೇನೆ. ಒಮ್ಮೆ ಎಸ್‌ಎಸ್‌ಬಿ ಸಂದರ್ಶನಕ್ಕೆ ಹೋಗಿ ಐದೂ ದಿನ ಉಳಿದು, ಕೊನೆಯಲ್ಲಿ ನನ್ನ ಚೆಸ್ಟ್ ನಂಬರ್ ಕರೆಯದೆ ವಾಪಸು ಬಂದಿದ್ದೇನೆ. ಮತ್ತೆ ಹೋಗುವವಳಿದ್ದೇನೆ. ಈ ತಯಾರಿಯ ಬಗ್ಗೆ ಹೊರಗಿನವರಿಗೆ ಕಾಣದ ಒಂದು ಮಾತನ್ನು ಇಲ್ಲಿ ಹೇಳಬೇಕಿದೆ. ಹೆಣ್ಣುಮಗಳೊಬ್ಬಳು ಅಧಿಕಾರಿಯಾಗಲು ಬೇಕಾದ ತಯಾರಿಯಲ್ಲಿ ಕೋಚಿಂಗ್ ಕ್ಲಾಸಿನ ಪಾಲು ಸಣ್ಣದು, ಮನೆಯ ಪಾಲು ದೊಡ್ಡದು. ಮನೆಯವರು ಕೊಡಬೇಕಾದದ್ದು ಹಣವಲ್ಲ, ಕಾಲಾವಕಾಶ.

ಲೆಕ್ಕ ನೋಡಿ. ಪದವಿ ಮುಗಿಸಿದ ಹುಡುಗಿಗೆ ಸೇನೆಯ ಮುಖ್ಯ ಬಾಗಿಲು ಎಂದರೆ ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುವ ಸಿಡಿಎಸ್ ಪರೀಕ್ಷೆ. ಅದರ ಮೂಲಕ ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಗೆ ಸೇರಲು ವಯಸ್ಸು ಸುಮಾರು 19ರಿಂದ 25ರೊಳಗಿರಬೇಕು, ಮದುವೆ ಆಗಿರಬಾರದು. ಎನ್‌ಸಿಸಿ ‘ಸಿ’ ಸರ್ಟಿಫಿಕೇಟ್ ಇದ್ದವರಿಗೆ ಲಿಖಿತ ಪರೀಕ್ಷೆಯೇ ಇಲ್ಲದ ಪ್ರವೇಶವಿದೆ, ಅಲ್ಲಿಯೂ ವಯಸ್ಸಿನ ಮಿತಿ 25. ಎಂಜಿನಿಯರಿಂಗ್ ಓದಿದವರಿಗೆ ತಾಂತ್ರಿಕ ವಿಭಾಗದಲ್ಲಿ 27ರವರೆಗೆ ಅವಕಾಶ. ವಾಯುಪಡೆಯ ಹಾರಾಟ ವಿಭಾಗಕ್ಕೆ ಸಾಮಾನ್ಯವಾಗಿ 24. ಅಂದರೆ ಸೇನೆ ನಮಗೆ ಕೊಟ್ಟ ವರ್ಷಗಳೂ, ನಮ್ಮ ಕಡೆ ‘ಗಂಡು ನೋಡುವ’ ವರ್ಷಗಳೂ ಒಂದೇ. ತರಬೇತಿ ಮುಗಿಯುವವರೆಗೆ ಮದುವೆಯಾಗಬಾರದೆಂಬ ನಿಯಮ ಹುಡುಗರಿಗೂ ಇದೆ. ಆದರೆ 22ರ ಹುಡುಗನ ಜಾತಕ ಯಾರು ಕೇಳುತ್ತಾರೆ?

‘ವಯಸ್ಸು ಯಾರಿಗೂ ಕಾಯೂದಿಲ್ಲವ್ವ’ ಎಂದು ಅವ್ವ ಫೋನಿನಲ್ಲಿ ಹೇಳುತ್ತಾಳೆ. ಆಕೆಯ ಮಾತು ನಿಜ. ಯುಪಿಎಸ್‌ಸಿಯೂ ಅದನ್ನೇ ಹೇಳುತ್ತದೆ. ವ್ಯತ್ಯಾಸ ಇಷ್ಟೆ, ಮದುವೆ 27ಕ್ಕೂ ಆಗುತ್ತದೆ, 29ಕ್ಕೂ ಆಗುತ್ತದೆ. ಈ ಬಾಗಿಲು ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ.

ಈ ಬಾಗಿಲನ್ನು ತೆರೆಸಲು ಎಷ್ಟು ಜನ ಹೆಣಗಿದ್ದಾರೆ ಎಂಬುದನ್ನು ಮರೆಯಬಾರದು. ವೈದ್ಯಕೀಯ ಮತ್ತು ನರ್ಸಿಂಗ್ ಸೇವೆಯ ಹೊರಗೆ ಮಹಿಳೆಯರನ್ನು ಸೇನಾಧಿಕಾರಿಗಳನ್ನಾಗಿ ತೆಗೆದುಕೊಳ್ಳಲು ಶುರುವಾದದ್ದು 1992ರಲ್ಲಿ. ಅದೂ ಕೆಲವೇ ವರ್ಷಗಳ ಸೇವೆಗೆ. ಕಾಯಂ ಸೇವೆಗೂ ಕಮಾಂಡ್ ಹುದ್ದೆಗೂ ಅವರು ಅರ್ಹರು ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಡಲು 2020ರ ಫೆಬ್ರುವರಿ 17 ಬರಬೇಕಾಯಿತು. ಗ್ರಾಮೀಣ ಹಿನ್ನೆಲೆಯ ಜವಾನರು ಮಹಿಳೆಯ ನಾಯಕತ್ವವನ್ನು ಒಪ್ಪುವ ಮನಃಸ್ಥಿತಿಗೆ ಇನ್ನೂ ಬಂದಿಲ್ಲ ಎಂಬ ವಾದವನ್ನು ಸರ್ಕಾರ ಆ ಮೊಕದ್ದಮೆಯಲ್ಲಿ ಮುಂದಿಟ್ಟಿತ್ತು. ಬದಲಾಗಬೇಕಾದದ್ದು ಮನಃಸ್ಥಿತಿಯೇ ಎಂದು ಕೋರ್ಟ್ ಹೇಳಿತು. 2021ರ ಆಗಸ್ಟ್‌ನಲ್ಲಿ ಎನ್‌ಡಿಎ ಪರೀಕ್ಷೆ ಬರೆಯಲು ಹುಡುಗಿಯರಿಗೆ ಅನುಮತಿ ಸಿಕ್ಕಿದ್ದೂ ಅದೇ ಕೋರ್ಟಿನ ಆದೇಶದಿಂದ. 2025ರ ಮೇ 30ರಂದು ಪುಣೆ ಬಳಿಯ ಖಡಕ್‌ವಾಸ್ಲಾದಿಂದ 17 ಯುವತಿಯರು ಮೊದಲ ತಂಡವಾಗಿ ಹೊರಬಂದರು. 1988ರಲ್ಲಿ ಮಿಲಿಟರಿ ನರ್ಸಿಂಗ್ ಸೇವೆಯ ಅಧಿಕಾರಿಯೊಬ್ಬರನ್ನು ಮದುವೆಯಾದರೆಂಬ ಕಾರಣಕ್ಕೆ ಕೆಲಸದಿಂದ ತೆಗೆಯಲಾಗಿತ್ತು. ಅದು ತಪ್ಪೆಂದು ಹೇಳಿ 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿದ್ದು 2024ರಲ್ಲಿ.

ಸರ್ಕಾರದ ಮನಃಸ್ಥಿತಿಗೆ ಕೋರ್ಟ್ ಉತ್ತರ ಕೊಟ್ಟಿತು. ಮನೆಯ ಮನಃಸ್ಥಿತಿಗೆ ಯಾವ ಕೋರ್ಟ್ ಉತ್ತರ ಕೊಡಬೇಕು? ಅದನ್ನು ಮನೆಯವರೇ ಕೊಡಬೇಕು.

ಈಗ ತಯಾರಿಯ ಮಾತಿಗೆ ಬರುತ್ತೇನೆ. ಲಿಖಿತ ಪರೀಕ್ಷೆ ಇದರಲ್ಲಿ ಸುಲಭದ ಭಾಗ. ಒಟಿಎಗೆ ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ ಎರಡೇ ಪತ್ರಿಕೆ, ಗಣಿತ ಇಲ್ಲ. ಹೆಣ್ಣುಮಕ್ಕಳಿಗೆ ಅರ್ಜಿ ಶುಲ್ಕವೂ ಇಲ್ಲ. ದಿನಪತ್ರಿಕೆಯನ್ನು ಸರಿಯಾಗಿ ಓದುವ ಅಭ್ಯಾಸವಿದ್ದವರು ಆರು ತಿಂಗಳಲ್ಲಿ ಸಿದ್ಧರಾಗಬಹುದು. ಕಷ್ಟದ್ದು ಅದರ ನಂತರ ಬರುವ ಎಸ್‌ಎಸ್‌ಬಿ. ಅಲ್ಲಿ ಮನಸಾ, ವಾಚಾ, ಕರ್ಮಣಾ ಎಂಬ ನಮ್ಮ ಹಳೆಯ ಮಾತೇ ಅಳತೆಗೋಲು. ಮನಶ್ಶಾಸ್ತ್ರಜ್ಞರು ಮನಸ್ಸನ್ನು, ಸಂದರ್ಶಕರು ಮಾತನ್ನು, ಮೈದಾನದ ಅಧಿಕಾರಿ ಕೃತಿಯನ್ನು ಬೇರೆಬೇರೆಯಾಗಿ ನೋಡುತ್ತಾರೆ. ಮೂರೂ ಒಂದಕ್ಕೊಂದು ತಾಳೆಯಾಗಬೇಕು.

ಒಂದು ಪರೀಕ್ಷೆಯಲ್ಲಿ 60 ಶಬ್ದಗಳು ಒಂದರ ಹಿಂದೊಂದು ಬರುತ್ತವೆ, ಪ್ರತಿಯೊಂದಕ್ಕೂ 15 ಸೆಕೆಂಡಿನಲ್ಲಿ ವಾಕ್ಯ ಬರೆಯಬೇಕು. ಇನ್ನೊಂದರಲ್ಲಿ 30 ನಿಮಿಷಕ್ಕೆ 60 ಸನ್ನಿವೇಶಗಳು. ನೀವು ರಾತ್ರಿ ರೈಲಿನಲ್ಲಿದ್ದೀರಿ, ಎದುರಿನ ಪ್ರಯಾಣಿಕ ಎಚ್ಚರ ತಪ್ಪಿದ್ದಾನೆ, ಏನು ಮಾಡುತ್ತೀರಿ ಎಂಬಂಥವು. ನಾಟಕ ಆಡಲು ಸಮಯವೇ ಇರುವುದಿಲ್ಲ, ಒಳಗಿದ್ದದ್ದು ಕೈಗೆ ಬರುತ್ತದೆ. ಜೀವನದಲ್ಲಿ ಒಂದು ಸಲವೂ ಒಬ್ಬಳೇ ರೈಲು ಹತ್ತದ ಹುಡುಗಿಯ ಕೈಗೆ ಏನು ಬಂದೀತು? ‘ಅಪ್ಪನಿಗೆ ಫೋನ್ ಮಾಡುತ್ತೇನೆ’ ಎಂದೇ ಬಂದೀತು. ಮೈದಾನದಲ್ಲಿ ಮೂರು ನಿಮಿಷಕ್ಕೆ ಹತ್ತು ಅಡೆತಡೆ ದಾಟಬೇಕು, ಹಗ್ಗ ಹಿಡಿಯಬೇಕು, ಎತ್ತರದಿಂದ ಜಿಗಿಯಬೇಕು. ‘ದೊಡ್ಡಾಕಿ ಆದಿ, ಇನ್ನ ಗಿಡಾ ಏರಬ್ಯಾಡ’ ಎಂದು ಹನ್ನೆರಡಕ್ಕೇ ಕೇಳಿಸಿಕೊಂಡ ಮೈ, ಇಪ್ಪತ್ತೆರಡರಲ್ಲಿ ಒಮ್ಮೆಲೇ ಜಿಗಿ ಅಂದರೆ ಜಿಗಿಯುವುದಿಲ್ಲ.

ಎಸ್‌ಎಸ್‌ಬಿ ಹುಡುಗಿಯರಲ್ಲಿ ಹುಡುಕುವುದು ಮೂರು ಗುಣ: ಸ್ವಂತ ನಿರ್ಧಾರ, ಅಪರಿಚಿತರ ನಡುವೆ ಮಾತು, ಮೈಗೆ ಧೈರ್ಯ. ನಾವು ಹುಡುಗಿಯರಿಗೆ ಒಳ್ಳೆಯ ನಡತೆ ಎಂದು ಕಲಿಸುವುದು ಇವೇ ಮೂರನ್ನು ಬಿಡುವುದನ್ನು. ಹತ್ತು ವರ್ಷ ಕಟ್ಟಿದ ಗಂಟನ್ನು ಮೂರು ತಿಂಗಳ ಕೋಚಿಂಗ್ ಬಿಚ್ಚಲಾರದು.

ನನಗೆ ಸಿಕ್ಕ ದೊಡ್ಡ ನೆರವು ಯಾವುದು ಗೊತ್ತೆ? ಒಂದು ಕೀಲಿಕೈ. ಸೇರುವ ಮುನ್ನ ಹುಡುಗಿಯರು 2.4 ಕಿಲೋಮೀಟರನ್ನು 13 ನಿಮಿಷದಲ್ಲಿ ಓಡುವಷ್ಟು ಸಿದ್ಧರಿರಬೇಕು ಎನ್ನುತ್ತದೆ ಸೇನೆಯ ಸೂಚನೆ. ಜೊತೆಗೆ ಪುಷ್‌ಅಪ್, ಸಿಟ್‌ಅಪ್, ಚಿನ್‌ಅಪ್. ನಾಗಪುರದ ಮೇ ತಿಂಗಳು 45 ಡಿಗ್ರಿ ಮುಟ್ಟುವ ತಿಂಗಳು, ಬೆಳಗಿನ ಏಳರ ಮೇಲೆ ಓಟದ ಮಾತೇ ಇಲ್ಲ. ಐದಕ್ಕೆ ರಸ್ತೆಯಲ್ಲಿರಬೇಕು. ನಮ್ಮ ಕಟ್ಟಡದ ಗೇಟು ತೆರೆಯುವುದು ಆರಕ್ಕೆ. ಮನೆಯೊಡತಿ ಕಾಕು ಎರಡು ದಿನ ನೋಡಿ, ಮೂರನೆಯ ದಿನ ಗೇಟಿನ ಇನ್ನೊಂದು ಕೀಲಿಕೈ ಮಾಡಿಸಿ ಕೈಗಿಟ್ಟರು. ಉಪದೇಶವಿಲ್ಲ, ಎಚ್ಚರಿಕೆಯಿಲ್ಲ. ಹೆಣ್ಣುಮಗಳ ತಯಾರಿಗೆ ಮನೆಯವರು ಏನು ಮಾಡಬಹುದು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಗೇಟಿನ ಕೀಲಿಕೈ ಕೊಡಿ.

ಹೊರರಾಜ್ಯದಲ್ಲಿರುವ ಕನ್ನಡಿಗರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ನಮ್ಮ ಮಕ್ಕಳಿಗೆ ಅರಿವಿಲ್ಲದೆಯೇ ಅರ್ಧ ತಯಾರಿ ಆಗಿರುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಬಸ್ಸಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಅಪ್ಪನ ವರ್ಗಾವಣೆಯ ಜೊತೆ ಹೊಸ ಶಾಲೆ, ಹೊಸ ಗೆಳತಿಯರು. ಗುಂಪು ಚರ್ಚೆಯಲ್ಲಿ ಹರಿಯಾಣದವಳ ಜೊತೆಗೂ ಮಣಿಪುರದವಳ ಜೊತೆಗೂ ಹೊಂದಿಕೊಳ್ಳಬೇಕಾದ ಕಡೆ ಇದು ಚಿಕ್ಕ ಬಂಡವಾಳವಲ್ಲ. ನಾಗಪುರದಂಥ ಊರಿನಲ್ಲಿ ಸಮವಸ್ತ್ರವೂ ಅಪರೂಪವಲ್ಲ. ಪಕ್ಕದ ಕಾಮ್ಟಿ ದಂಡುಪ್ರದೇಶ, ವಾಯುಸೇನೆಯ ನಿರ್ವಹಣಾ ಕಮಾಂಡಿನ ಕೇಂದ್ರ ಕಚೇರಿ ಇರುವುದು ಇಲ್ಲಿಯೇ. ಆದರೆ ಇದೇ ಮನೆಗಳಲ್ಲಿ ‘ಊರಲ್ಲದ ಊರು, ಬಂಧುಬಳಗ ಇಲ್ಲ’ ಎಂದು ಹುಡುಗಿಯ ಸುತ್ತ ಬೇಲಿ ಇನ್ನಷ್ಟು ಬಿಗಿಯಾಗುತ್ತದೆ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ಊರಿನ ಮನೆಗಳ ತರ್ಕವೂ ವಿಚಿತ್ರ. ಸಂಬಳದ ಕೆಲಸಕ್ಕೆಂದು ನನ್ನನ್ನು ಹತ್ತಿರಹತ್ತಿರ ಸಾವಿರ ಕಿಲೋಮೀಟರ್ ದೂರದ ನಾಗಪುರಕ್ಕೆ ಕಳಿಸಲು ಯಾರೂ ಎರಡು ಸಲ ಯೋಚಿಸಲಿಲ್ಲ. ಚೆನ್ನೈ ನಮ್ಮೂರಿಗೆ ನಾಗಪುರಕ್ಕಿಂತ ಹತ್ತಿರ. ಒಟಿಎಯಲ್ಲಿ 49 ವಾರಗಳ ತರಬೇತಿ, ಊಟ ವಸತಿ ಅಲ್ಲಿಯೇ, ತರಬೇತಿ ಕಾಲದಲ್ಲೇ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್. ಆದರೂ ಅದು ‘ಅಷ್ಟು ದೂರ’.

ಎದುರು ವಾದ ನನಗೆ ಗೊತ್ತಿದೆ. ಸೀಟುಗಳೇ ಇಲ್ಲ, ಯಾಕೆ ಈ ಹಟ? ನಿಜ, ಸೀಟು ಕಡಿಮೆ. ಇತ್ತೀಚಿನ ಸಿಡಿಎಸ್ ಅಧಿಸೂಚನೆಗಳಲ್ಲಿ ಒಟಿಎಗೆ ಪುರುಷರಿಗೆ 275ರ ಆಸುಪಾಸು ಜಾಗಗಳಿದ್ದರೆ ಮಹಿಳೆಯರಿಗೆ 18ರ ಆಸುಪಾಸು. ಎನ್‌ಡಿಎಯಲ್ಲಿ ಭೂಸೇನೆಯ 208 ಜಾಗಗಳಲ್ಲಿ ಹುಡುಗಿಯರಿಗೆ 10. ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. 2025ರ ಆಗಸ್ಟ್ 11ರಂದು ಸೇನೆಯ ಕಾನೂನು ವಿಭಾಗದಲ್ಲಿ ಪುರುಷರಿಗೆ ಆರು, ಮಹಿಳೆಯರಿಗೆ ಮೂರು ಎಂಬ ಹಂಚಿಕೆಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಉಳಿದ ವಿಭಾಗಗಳ ಪ್ರಶ್ನೆಯೂ ಒಂದು ದಿನ ಏಳಲೇಬೇಕು. ಆದರೆ ಜಾಗ ಕಡಿಮೆ ಎಂಬುದು ತಯಾರಿ ಬಿಡಲು ಕಾರಣವಾದರೆ, ಐಎಎಸ್‌ಗೆ ಯಾರೂ ಓದಬಾರದು. ಮಗ ಮೂರು ವರ್ಷ ದೆಹಲಿಯಲ್ಲಿ ಕೋಣೆ ಹಿಡಿದು ಓದಿದರೆ ಅದು ತಪಸ್ಸು, ಮಗಳು ಎರಡು ವರ್ಷ ಬೆಳಿಗ್ಗೆ ಓಡಿದರೆ ಹಟ!

ಇನ್ನೊಂದು ಪ್ರಶ್ನೆ: ಆಯ್ಕೆ ಆಗದಿದ್ದರೆ? ಆಗದಿರುವ ಸಾಧ್ಯತೆಯೇ ಹೆಚ್ಚು. ಅದಕ್ಕೇ ನಾನು ಕೆಲಸ ಬಿಟ್ಟಿಲ್ಲ, ಬೇರೆಯವರಿಗೂ ಬಿಡಿ ಎಂದು ಹೇಳುವುದಿಲ್ಲ. ಆದರೆ ಎರಡು ವರ್ಷ ಓಡಿದ ಮೈ, ನಾಲ್ಕು ಜನರ ಮುಂದೆ ನಿಂತು ಮೂರು ನಿಮಿಷ ಮಾತಾಡಲು ಕಲಿತ ಬಾಯಿ, ಯಾರನ್ನೂ ಕೇಳದೆ ನಿರ್ಧಾರ ತೆಗೆದುಕೊಂಡ ಅಭ್ಯಾಸ ಎಲ್ಲಿ ಹೋಗುತ್ತವೆ? ನಾಳೆ ಕಚೇರಿಯಲ್ಲೂ ಸಂಸಾರದಲ್ಲೂ ಅವೇ ಅಲ್ಲವೆ ಬೇಕಾದವು? ಅಪಾಯದ ಮಾತೂ ಇದೆ. ಸೇನೆಯ ಕೆಲಸದಲ್ಲಿ ಅಪಾಯವಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಮಗನನ್ನು ಕಳಿಸುವ ತಾಯಿಗೂ ಅದೇ ಅಪಾಯ ಗೊತ್ತಿರುತ್ತದೆ.

ನಮ್ಮ ನೆಲಕ್ಕೆ ಇದು ಹೊಸದಲ್ಲ. ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಹೆಸರಿನಲ್ಲಿ ಹುಡುಗಿಯರಿಗಾಗಿಯೇ ಸೈನಿಕ ವಸತಿ ಶಾಲೆ ದಶಕಗಳಿಂದ ನಡೆಯುತ್ತಿದೆ. ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳ ಬಾಗಿಲು ಹುಡುಗಿಯರಿಗೆ ತೆರೆದದ್ದು ದೇಶದ ಹೆಚ್ಚಿನ ಸೈನಿಕ ಶಾಲೆಗಳಿಗಿಂತ ಮೊದಲು, 2020–21ರಲ್ಲಿ. 2018ರಲ್ಲಿ ಚಿಕ್ಕಮಗಳೂರಿನ ಮೇಘನಾ ಶಾನಭೋಗ್ ಯುದ್ಧವಿಮಾನದ ಪೈಲಟ್ ಆದರು. 2021ರ ಮೇ 8ರಂದು ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 83 ಮಹಿಳಾ ಸೈನಿಕರ ಮೊದಲ ತಂಡ ಹೊರಬಂತು. ಕಿತ್ತೂರು ಚೆನ್ನಮ್ಮ ಕತ್ತಿವರಸೆ, ಕುದುರೆ ಸವಾರಿ ಕಲಿತದ್ದು ಯುದ್ಧ ಬಂದ ಮೇಲಲ್ಲ, ಬಾಲ್ಯದಲ್ಲಿ ಎಂದು ನಾವೇ ಮಕ್ಕಳಿಗೆ ಕತೆ ಹೇಳುತ್ತೇವೆ. ಆಗಸ್ಟ್ 15ಕ್ಕೆ ಮಗಳ ಸೊಂಟಕ್ಕೆ ರಟ್ಟಿನ ಕತ್ತಿ ಕಟ್ಟಿ ಫೋಟೊ ತೆಗೆಯುತ್ತೇವೆ. ಓಟಕ್ಕೆ ಒಳ್ಳೆಯ ಬೂಟು ಕೊಡಿಸುವಾಗ ಮಾತ್ರ ‘ಇದೆಲ್ಲ ಯಾಕ?’ ಎನ್ನುತ್ತೇವೆ.

ಹೆಣ್ಣುಮಕ್ಕಳಿರುವ ಮನೆಯವರಲ್ಲಿ ನನ್ನ ಬಿನ್ನಹ ಇಷ್ಟೆ. ಎಂಟನೆಯ ತರಗತಿಯಲ್ಲಿ ಎನ್‌ಸಿಸಿ ಇದ್ದರೆ ಸೇರಿಸಿ. ವರ್ಷಕ್ಕೊಮ್ಮೆಯಾದರೂ ಊರಿಗೆ ಒಬ್ಬಳೇ ರೈಲಿನಲ್ಲಿ ಬರಲಿ. ಮನೆಯ ಒಂದು ನಿರ್ಧಾರವನ್ನು ಪೂರ್ತಿ ಅವಳಿಗೆ ಬಿಟ್ಟು, ತಪ್ಪಿದರೂ ಸುಮ್ಮನಿರಿ. ಪದವಿ ಮುಗಿದ ಮೇಲೆ ಎರಡು ವರ್ಷ ಜಾತಕವನ್ನು ಪೆಟ್ಟಿಗೆಯಿಂದ ಹೊರತೆಗೆಯಬೇಡಿ. ಸಮವಸ್ತ್ರ ತೊಟ್ಟ ಮೇಲೆ ಹೆಮ್ಮೆಪಡಲು ಇಡೀ ಜಿಲ್ಲೆ ಇರುತ್ತದೆ, ಸೊಸೆ ಎಂದೋ ಮಗಳು ಎಂದೋ ಸಂಬಂಧ ಹುಡುಕಿಕೊಂಡು ಬರುತ್ತದೆ. ಅದಕ್ಕೂ ಮೊದಲು, ಐದು ಗಂಟೆಯ ಕತ್ತಲಲ್ಲಿ ಅವಳು ಬೂಟಿನ ದಾರ ಕಟ್ಟುವಾಗ ಜೊತೆಗಿರಬೇಕಾದವರು ನೀವು.