ಗುಡ್ಡದ ದಾರಿಗೆ ದೊಡ್ಡ ಎಂಜಿನು ಬೇಕೆ?

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲ್ಲೂಕುಗಳಲ್ಲಿ ಅಡಿಕೆಯ ತೋಟವು ತಗ್ಗಿನಲ್ಲಿಯೂ, ಮನೆಯು ಅದರ ಮೇಲಣ ಏರಿನಲ್ಲಿಯೂ, ಸರಕಾರಿ ರಸ್ತೆಯು ಗುಡ್ಡದ ನೆತ್ತಿಯಲ್ಲಿಯೂ ಇರುವುದು ಸಾಮಾನ್ಯ. ತೋಟಕ್ಕೆ ಗೊಬ್ಬರ, ಕಟ್ಟಡಕ್ಕೆ ಮುರಕಲ್ಲು, ಪೇಟೆಗೆ ಅಡಿಕೆ ಮತ್ತು ರಬ್ಬರು, ಇವೆಲ್ಲವೂ ಈ ಮಣ್ಣಿನ ದಾರಿಯಲ್ಲಿಯೇ ಸಾಗತಕ್ಕದ್ದು. ಹಿಂದೆ ತಲೆಹೊರೆಯಿಂದ ನಡೆಯುತ್ತಿದ್ದ ಈ ಕೆಲಸವನ್ನು ಈಗ ಪಿಕಪ್ ಗಾಡಿಗಳು ಮಾಡುತ್ತಿವೆ. ಮಳೆಗಾಲದಲ್ಲಿ ಗಾಡಿಯು ಏರಿನ ನಡುವೆ ನಿಂತುಹೋದಾಗ ಮಾಲಿಕನಿಗೆ ಮೊದಲು ತೋರುವ ಉಪಾಯವೆಂದರೆ, ಯಾವುದಾದರೂ ಲಾರಿಯ ಹಳೆಯ ಎಂಜಿನನ್ನು ತಂದು ಇದರಲ್ಲಿ ಕೂಡಿಸುವುದು. ಈ ಉಪಾಯವು ಖರ್ಚಿಗೆ ತಕ್ಕ ಫಲವನ್ನು ಕೊಡುವುದಿಲ್ಲವೆಂಬುದನ್ನೂ, ಪ್ರಾಣಾಪಾಯಕ್ಕೆ ಎಡೆಮಾಡುವುದೆಂಬುದನ್ನೂ ಗ್ರಾಮದ ಮುಖಂಡರೂ ಭೂಮಾಲಿಕರೂ ಪರ್ಯಾಲೋಚಿಸುವುದು ಅವಶ್ಯವಾಗಿದೆ.

ಹಿಂದಿನ ಜೀಪು ಹತ್ತಿದ ಗುಡ್ಡವನ್ನು ಈಗಿನ ಪಿಕಪ್ಪು ಹತ್ತಲಾರದೆಂದು ಹಿರಿಯ ಕೃಷಿಕರು ಹೇಳುವುದುಂಟು. ಮಾತು ನಿಜವೇ; ಆದರೆ ಅದಕ್ಕೆ ಕಾರಣ ಎಂಜಿನಿನ ಗಾತ್ರವಲ್ಲ. ವಿಲ್ಲಿಸ್ ಮಾದರಿಯ ಆ ಪೆಟ್ರೋಲ್ ಜೀಪಿನ ಎಂಜಿನು 2.2 ಲೀಟರಿನದು, ಬೊಲೆರೊ ಪಿಕಪ್ಪಿನ ಡೀಸೆಲ್ ಎಂಜಿನು 2.5 ಲೀಟರಿನದು. ದೊಡ್ಡದು ಈಗಾಗಲೇ ಬಂದಿದೆ! ಜೀಪಿನ ಗುಟ್ಟು ಗೇರಿನ ಪಕ್ಕದಲ್ಲಿದ್ದ ಎರಡು ಸಣ್ಣ ಹಿಡಿಕೆಗಳಲ್ಲಿತ್ತು. ಒಂದನ್ನು ಹಾಕಿದರೆ ನಾಲ್ಕು ಚಕ್ರಗಳಿಗೂ ಚಾಲನೆ ದೊರೆಯುತ್ತಿತ್ತು. ಮತ್ತೊಂದು ವೇಗವನ್ನು ಸುಮಾರು ಎರಡೂವರೆ ಪಾಲು ತಗ್ಗಿಸಿ, ಎಳೆತವನ್ನು ಅಷ್ಟೇ ಪಾಲು ಹೆಚ್ಚಿಸುತ್ತಿತ್ತು.

ಲೆಕ್ಕವನ್ನು ಒಮ್ಮೆ ಹಾಕಿ ನೋಡಬಹುದು. ಗಾಡಿಯೂ ಹೇರೂ ಕೂಡಿ 3,000 ಕಿಲೋ ತೂಗುವುದೆಂದೂ, ದಾರಿಯು 5 ಅಡಿಗೆ 1 ಅಡಿಯಂತೆ ಏರುವುದೆಂದೂ ಇಟ್ಟುಕೊಳ್ಳೋಣ. ಏರಿಗೆ 600 ಕಿಲೋ, ಮಣ್ಣಿನ ತಡೆಗೆ 100 ಕಿಲೋ, ಒಟ್ಟು 700 ಕಿಲೋ ಎಳೆತ ಬೇಕಾಗುವುದು. 75 ಕಿಲೋ ಭಾರವನ್ನು ಸೆಕೆಂಡಿಗೆ 1 ಮೀಟರಿನಂತೆ ಎತ್ತುವುದೇ ಒಂದು ಅಶ್ವಶಕ್ತಿ. ಗಾಡಿಯು ಸೆಕೆಂಡಿಗೆ 2 ಮೀಟರಿನಂತೆ, ಅಂದರೆ ಮನುಷ್ಯನ ಬಿರುನಡಿಗೆಯಲ್ಲಿ ಏರುವುದಾದರೆ, 19 ಅಶ್ವಶಕ್ತಿಯೂ ಪೂರ್ತಿ ಬೇಡ. ಗೇರುಗಳಲ್ಲಿ ಸವೆದುಹೋಗುವುದಕ್ಕೆಂದು ಇನ್ನಷ್ಟು ಸೇರಿಸಿದರೂ 25ರೊಳಗೆ ಮುಗಿಯುವುದು. ಬೊಲೆರೊ ಜಾತಿಯ ಗಾಡಿಯಲ್ಲಿ 60ಕ್ಕೆ ಮೇಲ್ಪಟ್ಟ ಅಶ್ವಶಕ್ತಿ ಇರುವಾಗ ಕೊರತೆ ಎಲ್ಲಿ?

ಕೊರತೆ ಇರುವುದು ನೆಲದ ಹಿಡಿತದಲ್ಲಿ. ಮೇಲಣ 3,000 ಕಿಲೋವಿನಲ್ಲಿ ಹಿಂದಿನ ಚಕ್ರಗಳ ಮೇಲೆ 1,900 ಕಿಲೋ ಬೀಳುವುದೆಂದೂ, ನೆನೆದ ಕೆಂಪುಮಣ್ಣಿನಲ್ಲಿ ಟಯರು ಆ ಭಾರದ ಮೂರರಲ್ಲೊಂದು ಪಾಲಿನಷ್ಟು ಮಾತ್ರ ಹಿಡಿಯುವುದೆಂದೂ ಎಣಿಸಿದರೆ, ದೊರೆಯುವ ಎಳೆತ 633 ಕಿಲೋ. ಬೇಕಾದದ್ದು 700. ಚಕ್ರವು ನಿಂತಲ್ಲಿಯೇ ಸುತ್ತುವುದು. ದೊಡ್ಡ ಎಂಜಿನನ್ನು ಕೂಡಿಸಿದರೆ ಅದೇ ಚಕ್ರ ಇನ್ನೂ ಜೋರಾಗಿ ಸುತ್ತಿ ದಾರಿಯಲ್ಲಿ ಗುಂಡಿ ತೋಡುವುದು, ಅಷ್ಟೆ. ನಾಲ್ಕು ಚಕ್ರಗಳಿಗೂ ಚಾಲನೆಯಿದ್ದಲ್ಲಿ 3,000 ಕಿಲೋವಿನ ಮೂರರಲ್ಲೊಂದು ಪಾಲು, ಎಂದರೆ 1,000 ಕಿಲೋ ಹಿಡಿತ ಸಿಕ್ಕುವುದು. ಇಂಥ ಚಾಲನೆಯುಳ್ಳ ಪಿಕಪ್ ಗಾಡಿಗಳೂ ಕಾರ್ಖಾನೆಯಿಂದಲೇ ಬರುತ್ತವೆ. ಹೊಸ ಗಾಡಿಯನ್ನು ಕೊಳ್ಳುವವರು ಬಣ್ಣ, ಕಿಟಕಿ, ಸಂಗೀತದ ಪೆಟ್ಟಿಗೆಗಳಿಗಿಂತ ಮೊದಲು ಇದನ್ನು ವಿಚಾರಿಸಬೇಕು.

ಏರಿನ ವಿಚಾರ ಇಷ್ಟಾದರೆ, ಇಳಿಜಾರಿನ ವಿಚಾರವು ಇದಕ್ಕಿಂತ ಹೆಚ್ಚಿನದು. ಈ ಪ್ರಾಂತದಲ್ಲಿ ಹೆಚ್ಚು ಭಾರವಾದ ಹೇರು ಮೇಲಕ್ಕೆ ಹೋಗುವುದಕ್ಕಿಂತ ಕೆಳಕ್ಕೆ ಬರುವುದೇ ಹೆಚ್ಚು. ಹಣ್ಣಡಿಕೆಯು ಅಂಗಳದಲ್ಲಿ ಒಣಗಿ ಸುಲಿದು ಚಾಲಿಯಾಗುವಷ್ಟರಲ್ಲಿ ಹೆಚ್ಚು ಕಡಮೆ ಐದರಲ್ಲೊಂದು ಪಾಲಿನ ತೂಕಕ್ಕೆ ಇಳಿದಿರುತ್ತದೆ. ಕ್ಯಾಂಪ್ಕೊ ಸಂಸ್ಥೆಯ ಖರೀದಿ ಕೇಂದ್ರಗಳೂ ದೂರವಿಲ್ಲ. ಆದರೆ ಗೊಬ್ಬರವೂ ಕಲ್ಲೂ ಪೂರ್ಣ ತೂಕದಿಂದಲೇ ತೋಟಕ್ಕೆ ಇಳಿಯಬೇಕು. ಅಲ್ಲಿ ಎಂಜಿನಿನ ಶಕ್ತಿಗೆ ಏನು ಕೆಲಸ? 3,000 ಕಿಲೋವಿನ ಗಾಡಿಯು 60 ಮೀಟರು ಎತ್ತರದ ಗುಡ್ಡದಿಂದ ಬರಿಯ ಬ್ರೇಕಿನ ಮೇಲೆ ಇಳಿದರೆ, ಬ್ರೇಕಿನಲ್ಲಿ ಹುಟ್ಟುವ ಶಾಖವು 5 ಲೀಟರು ತಣ್ಣೀರನ್ನು ಕುದಿಯುವ ಹದಕ್ಕೆ ತರಲು ಸಾಕು. ದೊಡ್ಡ ಎಂಜಿನು ಬಂದ ಮೇಲೆ ಒಂದು ಟನ್ನು ಹೆಚ್ಚಾಗಿ ಹೇರದೆ ಬಿಡುವ ಮಾಲಿಕರು ವಿರಳ. ಆಗ ಶಾಖವೂ ಮೂರರಲ್ಲೊಂದು ಪಾಲು ಹೆಚ್ಚುವುದು, ಬ್ರೇಕು ಮಾತ್ರ ಹಳೆಯದೇ. ಇದಲ್ಲದೆ ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ಈ ಸೀಮೆಯ ದೀರ್ಘ ಮಳೆಗಾಲದಲ್ಲಿ ತೇವ ಹೀರಿದ ಎಣ್ಣೆಯು ಬೇಗನೆ ಕುದಿಯುತ್ತದೆ. ಕುದಿದೊಡನೆ ಪೆಡಲು ಮೆತ್ತಗಾಗಿ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಗೊಬ್ಬರದ ಚೀಲಗಳ ಮೇಲೆ ಆಳುಗಳನ್ನು ಕೂರಿಸಿಕೊಂಡು ಇಳಿಯುವ ವಾಡಿಕೆಯನ್ನು ನೆನೆದರೆ ಇದು ಎಷ್ಟು ಘೋರವಾದ ಸಂಗತಿಯೆಂಬುದು ತಿಳಿಯುವುದು. ಆಳುಗಳು ಇಳಿದು ನಡೆದುಬರತಕ್ಕದ್ದು. ಕಾನೂನೂ ಹಾಗೆಯೇ ಹೇಳುತ್ತದೆ.

ಮಹೀಂದ್ರ ಸಂಸ್ಥೆಯೇ ತನ್ನ ಜೀಪುಗಳಿಗೆ ಡೀಸೆಲ್ ಎಂಜಿನುಗಳನ್ನು, ಮುಂದೆ ಫ್ರಾನ್ಸಿನ ಪ್ಯೂಜೊ ಮಾದರಿಯ ಎಂಜಿನನ್ನೂ ಅಳವಡಿಸಿತಲ್ಲವೆ ಎಂದು ಕೆಲವರು ವಾದಿಸಬಹುದು. ತಯಾರಕರು ಎಂಜಿನನ್ನು ಬದಲಿಸುವಾಗ ಅದಕ್ಕೆ ಹೊಂದುವಂತೆ ಉಳಿದ ಭಾಗಗಳನ್ನೂ ಪರೀಕ್ಷಿಸಿ ಅಳವಡಿಸುತ್ತಾರೆ. ಊರ ಕಾರ್ಯಾಗಾರದಲ್ಲಿ ಕೂಡಿಸಿದ ದೊಡ್ಡ ಎಂಜಿನಿನ ತಿರುಚುಬಲವು ಮೊದಲನೆಯ ಗೇರಿನಲ್ಲಿ ಹಲವು ಪಟ್ಟು ಹೆಚ್ಚಿ ಹಿಂದಿನ ಅಚ್ಚಿಗೆ ತಲಪುತ್ತದೆ. ಕ್ಲಚ್ಚೋ ಗೇರುಪೆಟ್ಟಿಗೆಯೋ ಅಚ್ಚೋ, ಮೊದಲು ದುರ್ಬಲವಾದದ್ದು ಮುರಿಯುತ್ತದೆ. ಮೂತಿಯ ಭಾರ ಹೆಚ್ಚಿ ತಿರುವುಗಳಲ್ಲಿ ಗಾಡಿಯು ಚಾಲಕನ ಮಾತನ್ನು ಕೇಳುವುದೂ ಕಡಮೆಯಾಗುತ್ತದೆ.

ಕಾನೂನಿನ ಸ್ಥಿತಿ ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯ ಮೇರೆಗೆ, ತಯಾರಕರು ನಮೂದಿಸಿದ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಕೂಡದು. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಮೇರೆಗೆ ಇಂಥ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ ಉಂಟು. ಕೆಟ್ಟ ಎಂಜಿನಿಗೆ ಬದಲಾಗಿ ಅದೇ ಮಾದರಿಯದನ್ನು ಕೂಡಿಸುವವರೂ ಪುತ್ತೂರಿನ ಸಾರಿಗೆ ಕಚೇರಿಯಲ್ಲಿ ಮೊದಲು ವಿಚಾರಿಸಿ ದಾಖಲೆಯನ್ನು ತಿದ್ದಿಸಿಕೊಳ್ಳುವುದು ಲೇಸು. ದಂಡವಾದರೂ ಒಂದು ಸಲದ ಮಾತು. ಅಪಘಾತವಾದಾಗ ವಿಮೆಯವರು ತಕರಾರು ತೆಗೆದರೆ ಪರಿಹಾರದ ಹೊರೆಯು ಮಾಲಿಕನ ತೋಟದ ಮೇಲೆಯೇ ಬೀಳಬಹುದು.

ಹಾಗಾದರೆ ಮಾಡತಕ್ಕದ್ದೇನು? ಎಳೆತ ಕುಂದಿತೆಂಬ ಗಾಡಿಯ ಗಾಳಿಶೋಧಕ, ಡೀಸೆಲ್ ಶೋಧಕ, ಇಂಜೆಕ್ಟರು, ಕ್ಲಚ್ಚುಗಳನ್ನು ಮೊದಲು ಪರೀಕ್ಷಿಸಬೇಕು. ಕಲ್ಲು ತಗುಲಬಾರದೆಂದು ದೊಡ್ಡ ಟಯರು ಹಾಕಿಸಿದವರು, ವ್ಯಾಸವು ನೂರಕ್ಕೆ 10ರಷ್ಟು ಹೆಚ್ಚಿದರೆ ಎಳೆತವು ಸುಮಾರು ಅಷ್ಟೇ ಇಳಿಯುವುದೆಂದು ತಿಳಿಯಬೇಕು. ಹೇರನ್ನು ಎರಡು ಸರದಿ ಮಾಡುವುದು ಸೋಮಾರಿತನವಲ್ಲ.

ಇವೆಲ್ಲಕ್ಕಿಂತ ಮುಖ್ಯವಾದದ್ದು ದಾರಿ, ಮತ್ತು ಗ್ರಾಮದ ಹಿರಿಯರ ಮಾತು ನಡೆಯತಕ್ಕ ಸ್ಥಳವೂ ಅದೇ. 5ಕ್ಕೆ 1ರಂತೆ ಏರುವ ದಾರಿಯನ್ನು ಬಳಸಿ ತಿರುಗಿಸಿ 10ಕ್ಕೆ 1ರಂತೆ ಮಾಡಿದರೆ 600 ಕಿಲೋ ಎಳೆತದ ಸ್ಥಾನದಲ್ಲಿ 300 ಸಾಕು. ಇದಕ್ಕೆ ಬೇಕಾದದ್ದು ನೆರೆಯವನ ಗುಡ್ಡದಲ್ಲಿ ಮೂರು ನಾಲ್ಕು ಸೆಂಟ್ಸು ಜಾಗ. ಎಂಜಿನಿಗೆ ಹಣ ಸುರಿಯಲು ಸಿದ್ಧನಾದವನು ಈ ಜಾಗವನ್ನು ಬಿಡಲೊಲ್ಲನು, ಕೇಳಲೂ ಒಲ್ಲನು. ಹಳೆಯ ವರ್ಗದ ಜಗಳವೊಂದು ನಡುವೆ ನಿಂತಿರುತ್ತದೆ. ಇಂಥಲ್ಲಿ ಮುಖಂಡರು ಎರಡು ಮನೆಯವರನ್ನೂ ಕೂರಿಸಿ ಮಾತಾಡಿಸುವುದು ಯಾವ ಎಂಜಿನಿಗಿಂತಲೂ ಹೆಚ್ಚಿನ ಕೆಲಸ ಮಾಡುವುದು. ತಿರುಗಿಸಲು ಆಗದ ಕಡಿದಾದ ತುಂಡಿಗೆ, ಚಕ್ರ ಹಾಯುವೆಡೆಯಲ್ಲಿ ಮಾತ್ರ ಎರಡು ಕಾಂಕ್ರೀಟು ಪಟ್ಟಿಗಳನ್ನು ಅಡ್ಡಗೆರೆ ಎಳೆದು ಹಾಕಿಸಿದರೆ ಸಾಕು. ಇಡೀ ದಾರಿಗೆ ಹಾಕುವ ಖರ್ಚಿಲ್ಲ. ಪಕ್ಕದ ಚರಂಡಿ ಮತ್ತು ಅಡ್ಡ ಮೋರಿಗಳಿಲ್ಲದಿದ್ದರೆ ಆ ಪಟ್ಟಿಗಳ ಅಡಿಯ ಮಣ್ಣು ಮೊದಲ ಮಳೆಗೇ ಕೊಚ್ಚಿಹೋಗುವುದರಿಂದ ಚರಂಡಿಯ ಕೆಲಸವನ್ನು ಮೊದಲು ಹಿಡಿಯಬೇಕು. ಕಾಂಕ್ರೀಟು ನೀರುಂಡು ಗಟ್ಟಿಯಾಗಲು 28 ದಿನ ಬೇಕಾಗುವ ಕಾರಣ, ಪತ್ತನಾಜೆಗೆ ಒಂದು ತಿಂಗಳು ಮುಂಚಿತವಾಗಿಯೇ ಪಟ್ಟಿಗಳ ಕೆಲಸ ಮುಗಿದಿರತಕ್ಕದ್ದು.