ಶಾಲಿನಡಿ ಪದಕ ಮರೆಯಾಗದಿರಲಿ

ಇತ್ತೀಚೆಗೆ ನಮ್ಮ ಸಂಘದಲ್ಲಿ ನಿವೃತ್ತ ಪೊಲೀಸ್ ಅಧಿಕಾರಿಯಾದ ಕನ್ನಡಿಗರೊಬ್ಬರನ್ನು ಸತ್ಕರಿಸಲಾಯಿತು. ನಮ್ಮ ಕೋರಿಕೆಯಂತೆ ಅವರು ರಾಷ್ಟ್ರಪತಿ ಪದಕ ಧರಿಸಿ ಬಂದಿದ್ದರು. ನಾವು ಶಾಲು ಹೊದಿಸಿ, ಹಾರ ಹಾಕಿ ಅದನ್ನೇ ಮುಚ್ಚಿಬಿಟ್ಟೆವು. ಛಾಯಾಚಿತ್ರದಲ್ಲಿ ಪದಕವೇ ಇಲ್ಲ!

ಬ್ಯಾಂಕಿನ ಲೆಡ್ಜರಿನಂತೆ ಪದಕಕ್ಕೂ ಕ್ರಮವಿದೆ. ಅದರ ಸ್ಥಾನ ಎದೆಯ ಎಡಭಾಗ. ಹಲವಿದ್ದರೆ ಒಂದೇ ಪಟ್ಟಿಗೆ ಸಾಲಾಗಿ ಜೋಡಿಸಿ, ಹಿರಿಯ ಪದಕವನ್ನು ಎದೆಯ ನಡುವಿಗೆ ಹತ್ತಿರವಿಡುತ್ತಾರೆ. ಪೊಲೀಸ್ ಪದಕಗಳಲ್ಲಿ ಶೌರ್ಯ ಮೊದಲು, ಸೇವೆ ನಂತರ. ದಿನನಿತ್ಯದ ಸಮವಸ್ತ್ರದಲ್ಲಿ ಬರಿಯ ರಿಬ್ಬನ್. ಪೂರ್ಣ ಪದಕ ಪರೇಡ್, ಸಮಾರಂಭಗಳಿಗೆ.

ಹಾಗೆ ಅಪರೂಪಕ್ಕೆ ಹೊರಬರುವ ಪದಕವನ್ನು ನಾವು ಮರೆಮಾಡುವುದೇ? ನಿರೂಪಕರು ಯಾವ ಪದಕವೆಂದು ಮೊದಲೇ ಕೇಳಿ ತಿಳಿದು ಸರಿಯಾಗಿ ಹೇಳಲಿ. ಶಾಲು, ಹಾರಗಳನ್ನು ಕೈಗೆ ಕೊಡೋಣ. ಒಂದು ಆಯುಷ್ಯದ ದುಡಿಮೆ ಆ ಎದೆಯ ಮೇಲಿದೆ. ಅದು ಸಭೆಗೆ ಕಾಣಲಿ.